ಬಿಸಿಲಿಗೆ ಕಾಣದ ಗೀಟು

ಎಲ್ಸ್‌ಬೆಕ್, ಟ್ವೆಂಟೆ
16 ಸೆಪ್ಟೆಂಬರ್ 2018

ಫೆನ್ನಾ ಮಗಳೇ,

ಫೋನು ಇಟ್ಟುಕೊಂಡು ಅಪ್ಪ ಕಾಗದ ಯಾಕೆ ಬರೆಯುತ್ತಿದ್ದಾನೆ, ಕಾಯಿಲೆ ತಲೆಗೂ ಏರಿತೇ ಎಂದು ಗಾಬರಿಯಾಗಬೇಡ. ಇದು ಆನೌಕ್ ಕೊಟ್ಟ ಶಿಕ್ಷೆ. ಆನೌಕ್ ಎಂದರೆ ನನಗೆ ನಡೆಯುವುದನ್ನು ಕಲಿಸಲು ಎನ್‌ಸ್ಕೆಡೆಯಿಂದ ಬರುವ ಫಿಸಿಯೋ ಹುಡುಗಿ. ಎಪ್ಪತ್ತು ದಾಟಿದವನಿಗೆ ನಡೆಯುವುದನ್ನು ಕಲಿಸುವುದೆಂದರೆ ನೋಡು, ಎಲ್ಲಿಗೆ ಬಂತು ನನ್ನ ಬಾಳು! ಪಾರ್ಕಿನ್ಸನ್ ಬಂದವರ ಅಕ್ಷರ ಬರೆಯುತ್ತಾ ಬರೆಯುತ್ತಾ ಇರುವೆಯಷ್ಟಾಗುತ್ತದಂತೆ. ಗೆರೆ ಎಳೆದ ಹಾಳೆ ಕೊಟ್ಟರೆ ಅಷ್ಟು ಕುಗ್ಗುವುದಿಲ್ಲವಂತೆ. "ಸುಮ್ನೆ ಗೀಚೋದಲ್ಲ, ನಿಜವಾಗ್ಲೂ ಯಾರಿಗಾದ್ರೂ ಕಾಗ್ದ ಬರೀಬೇಕು" ಎಂದು ಅಪ್ಪಣೆ ಕೊಡಿಸಿ ಹೋದಳು. ಯಾರಿಗೆ ಬರೆಯಲಿ? ಇಲ್ಲಿಯವರೆಲ್ಲ ಕಿಟಕಿಯಿಂದ ಕೂಗಿದರೆ ಕೇಳುವಷ್ಟು ಹತ್ತಿರದವರು. ದೂರ ಹೋದವಳು ನೀನೊಬ್ಬಳೇ.

ಪಕ್ಕದ ಮನೆಯ ಟ್ಯೂನಿಸ್‌ಗೆ ಶ್ವಾಸಕೋಶದ ಕ್ಯಾನ್ಸರ್. ಇನ್ನು ಚಿಕಿತ್ಸೆ ಸಾಕು ಎಂದು ತಾನೇ ಹೇಳಿ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ. ಚಳಿಗಾಲ ದಾಟುವುದು ಕಷ್ಟ ಎಂದು ಡಾಕ್ಟರು ಅವನ ಹೆಂಡತಿ ಯೆನ್ನೆಕೆಗೆ ಹೇಳಿದ್ದಾರೆ.

ಹಾಗಾಗಿ ನನ್ನ ಸರದಿ ಬಂತು. ನಾನು ಅವರ ಮನೆಗೆ ಮೊದಲನೇ ನೆರೆಯವನು, ಅವನು ನಮ್ಮ ಮನೆಗೆ; ನಮ್ಮೂರಲ್ಲಿ ಸಾವಿನ ಮನೆಯ ಕೆಲಸವೆಲ್ಲ ಮೊದಲನೇ ನೆರೆಯವನದೇ ತಾನೆ. ನಿನ್ನಮ್ಮ ಹೋದಾಗ ಅವನು ಮಾಡಿದ್ದನ್ನು ನೀನೇ ಕಂಡಿದ್ದೀಯ. ಮನೆಮನೆಗೆ ಹೋಗಿ ಸುದ್ದಿ ಹೇಳಿದ. ಯೆನ್ನೆಕೆ ಗ್ರಾದಾಳ ಮೈ ತೊಳೆದು ನೀಲಿ ಉಡುಪು ತೊಡಿಸಿದಳು. ಚರ್ಚಿನಿಂದ ಗುಂಡಿಯವರೆಗೆ ಪೆಟ್ಟಿಗೆಯ ಮುಂದೆ ಟ್ಯೂನಿಸ್ ನಡೆದ. ಹಿಂದಿನವರು ಯಾರೂ ಅವನನ್ನು ದಾಟಲಿಲ್ಲ, ದಾಟುವ ಹಾಗೂ ಇಲ್ಲ. ಆ ದಿನದ್ದು ನನಗೆ ಬೇರೇನೂ ನೆನಪಿಲ್ಲ, ಅವನು ಒಂದೇ ಹದದಲ್ಲಿ ನಡೆದದ್ದು ಬಿಟ್ಟರೆ. ಈಗ ಅವನಿಗೆ ನಾನು ನಡೆಯಬೇಕು. ದಾರಿಯೇನು ಮಹಾ ಉದ್ದವಲ್ಲ. ಆದರೆ ಬಾಗಿಲು ಕಂಡಲ್ಲಿ, ಗೇಟು ಕಂಡಲ್ಲಿ ನನ್ನ ಕಾಲು ನೆಲಕ್ಕೆ ಅಂಟಿಕೊಂಡುಬಿಡುತ್ತದೆ. ಜನ ನೋಡುತ್ತಿದ್ದರಂತೂ ಕೇಳುವುದೇ ಬೇಡ. ಮೊನ್ನೆ ಬೇಕರಿಯ ಬಾಗಿಲಲ್ಲಿ ಹಾಗೇ ನಿಂತುಬಿಟ್ಟೆ. ಹಿಂದಿದ್ದ ಹೆಂಗಸು "ಏನ್ ತಗೊಳ್ಳೋದು ಅಂತ ಯೋಚ್ನೆನಾ?" ಎಂದಳು. ಹೌದು ಎಂದೆ.

ಇದಕ್ಕೆ ಒಂದು ಥರದ ಬೂಟು ಇದೆಯಂತೆ. ತರುತ್ತೇನೆ ಎಂದಿದ್ದಾಳೆ ಆನೌಕ್. ಕೈ ನೋಯುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ಅಪ್ಪ,
ಬೆರೆಂಡ್

•

ಓಲೆಸುಂಡ್, ನಾರ್ವೆ
9 ಅಕ್ಟೋಬರ್ 2018

ಅಪ್ಪ,

ಕಾಗದ ಬಂತು. ಮೊದಲ ಪುಟ ಸಲೀಸಾಗಿ ಓದಿದೆ, ಎರಡನೆಯದಕ್ಕೆ ಭೂತಗನ್ನಡಿ ಬೇಕಾಯಿತು. ಗೆರೆಗಳನ್ನು ಇನ್ನಷ್ಟು ದೂರ ದೂರ ಎಳೆಯಲು ಹೇಳು ನಿನ್ನ ಆನೌಕ್‌ಗೆ.

ಟ್ಯೂನಿಸ್ ಮಾಮನ ಸುದ್ದಿ ಓದಿದೆ. ಹಡಗು ಕಟ್ಟುವ ಅಂಗಳದ ಬೆಂಚಿನ ಮೇಲೆ ಕೂತು ಓದಿದೆ, ಮಡಿಸಿ ಜೇಬಿಗಿಟ್ಟು ಮತ್ತೆ ವೆಲ್ಡಿಂಗ್‌ಗೆ ಹೋದೆ. ಸೈಕಲ್ ಹೊಡೆಯುವುದನ್ನು ಕಲಿಸಿದವರು ಅವರು. ಏನಾದರೂ ಅನ್ನಿಸಬೇಕಿತ್ತು. ಊಟದ ಹೊತ್ತಿಗೆ ಅನ್ನಿಸಬಹುದು ಎಂದುಕೊಂಡೆ, ಅನ್ನಿಸಲಿಲ್ಲ.

ನೀನೇ ನಡೆಯಬೇಕೆಂಬ ಹಟ ಯಾಕಪ್ಪ? ಎರಡನೇ ನೆರೆಯವರು ಲ್ಯಾಂಬರ್ಟ್ ಗಟ್ಟಿಮುಟ್ಟಾಗಿದ್ದಾರಲ್ಲ, ಅವರು ನಡೆದರಾಯಿತು. ಕಾಯಿಲೆಯವನನ್ನು ಯಾರೂ ಬೈಯುವುದಿಲ್ಲ.

ಬೆಚ್ಚಗಿರು.

ಫೆನ್ನಾ

•

ಎಲ್ಸ್‌ಬೆಕ್
11 ನವೆಂಬರ್ 2018

ಫೆನ್ನಾ,

ಬೈಯುವುದಿಲ್ಲ, ಅದೇ ತೊಂದರೆ. ಕಾಫಿ ಕೊಟ್ಟು "ಪರ್ವಾಗಿಲ್ಲ ಬಿಡು ಬೆರೆಂಡ್" ಎನ್ನುತ್ತಾರೆ. ಗ್ರಾದಾಳನ್ನು ಟ್ಯೂನಿಸ್ ಕರೆದುಕೊಂಡು ಹೋದ. ಟ್ಯೂನಿಸ್‌ನನ್ನು ನಾನು ಕರೆದುಕೊಂಡು ಹೋಗಬೇಕು. ಇದರಲ್ಲಿ ಲ್ಯಾಂಬರ್ಟ್‌ನದೇನು ಕೆಲಸ? ಇನ್ನೊಮ್ಮೆ ಈ ಮಾತು ಎತ್ತಬೇಡ.

ಮೊದಲು ಆನೌಕ್ ತಂದದ್ದು ಬೂಟಲ್ಲ, ಮಣಿಕಟ್ಟಿಗೆ ಕಟ್ಟುವ ಪಟ್ಟಿ. ಅದು ತಾಳ ಹಾಕಿದ ಹಾಗೆ ನಡುಗುತ್ತದೆ, ಆ ತಾಳಕ್ಕೆ ನಾನು ಹೆಜ್ಜೆ ಹಾಕಬೇಕು. ಮೊದಲೇ ನಡುಗುವವನಿಗೆ ನಡುಗುವ ಪಟ್ಟಿ! ನಡುಗುತ್ತಿರುವುದು ಅದೋ ನಾನೋ ಗೊತ್ತಾಗಲಿಲ್ಲ. ವಾಪಸ್ ಕೊಟ್ಟೆ.

ಆಮೇಲೆ ಬಂತು ಬೂಟು. ಮೂತಿಗೆ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ. ಎಡಗಾಲು ಊರಿದರೆ ಬಲಗಾಲಿನ ಮುಂದೆ ನೆಲದ ಮೇಲೆ ಅಡ್ಡಕ್ಕೆ ಕೆಂಪು ಬೆಳಕಿನ ಗೀಟು ಬೀಳುತ್ತದೆ. ಅದನ್ನು ದಾಟಿ ಬಲಗಾಲು ಊರಿದೆಯೋ, ಈಗ ಎಡಗಾಲಿನ ಮುಂದೆ ಗೀಟು. ಇಷ್ಟೇ. ಇದರಲ್ಲೇನಿದೆ ಎಂದು ನಾನೂ ಮೂಗು ಮುರಿದೆ. ಆದರೆ ಸುಮ್ಮನೆ ನಡೆ ಎಂದರೆ ನಡೆಯದ ಕಾಲು ಗೀಟು ದಾಟು ಎಂದರೆ ದಾಟುತ್ತದೆ ಮಗಳೇ. ಅಡುಗೆಮನೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಅಡುಗೆಮನೆಗೆ, ಮಧ್ಯೆ ಬಾಗಿಲಿತ್ತೆನ್ನುವುದೇ ಮರೆತುಹೋಯಿತು. ಆನೌಕ್ ಚಪ್ಪಾಳೆ ತಟ್ಟಿದಳು. ನನಗೆ ಸಂತೋಷವಾಯಿತೋ ಇಲ್ಲವೋ ತಿಳಿಯಲಿಲ್ಲ. ಈಚೆಗೆ ಎಲ್ಲದಕ್ಕೂ ಹೀಗೇ. ಒಳ್ಳೆಯದು ಆಗುವುದನ್ನು ಬೇರೆಯವರ ಮನೆಯ ಕಿಟಕಿಯಲ್ಲಿ ನೋಡಿದ ಹಾಗೆ ನೋಡುತ್ತೇನೆ.

ಈಗ ದಿನಾ ಸಂಜೆ ಅಂಗಳದಲ್ಲಿ ಅಭ್ಯಾಸ. ಟ್ಯೂನಿಸ್‌ನ ಹಾಸಿಗೆಯನ್ನು ಮುಂದಿನ ಕೋಣೆಯ ಕಿಟಕಿಯ ಪಕ್ಕ ಹಾಕಿದ್ದಾರೆ, ಅವನಿಗೆ ನಾನು ಟಿ.ವಿ. ಇದ್ದಂತೆ. ಕಿಟಕಿ ತೆರೆಸಿ ಕೂಗಿದ:

"ಏನೋ ಬೆರೆಂಡ್, ರಸ್ತೆಗೆ ಗೀಟು ಹಾಕೋ ಕಾಂಟ್ರಾಕ್ಟು ಸಿಕ್ತಾ?"

"ನಿನ್ ಮೆರವಣಿಗೆಗೆ ಅಭ್ಯಾಸ ಕಣೋ."

"ನಾನಿನ್ನೂ ಇಲ್ಲೇ ಇದ್ದೀನಲ್ಲೋ, ಏನ್ ಆತುರ ನಿಂಗೆ? ಅದ್ರ ಬದ್ಲು ಸೈಕಲ್ ಹೊಡ್ಕೊಂಡು ಹೋಗು ನನ್ ಮುಂದೆ. ಗಂಟೆ ಬಾರಿಸ್ತಾ ಹೋಗು, ಜನ ದಾರಿ ಬಿಡ್ತಾರೆ."

ಸೈಕಲ್ಲು ನಾನು ಈಗಲೂ ಹೊಡೆಯುತ್ತೇನೆ. ನಡೆಯಲಾಗದವನು ಪೆಡಲು ತುಳಿಯುವುದು ಹೇಗೆ ಎಂದು ಕೇಳಬೇಡ, ಡಾಕ್ಟರಿಗೂ ಸರಿಯಾಗಿ ಗೊತ್ತಿಲ್ಲ. ಯೆನ್ನೆಕೆ ಒಳಗಿನಿಂದ "ಸಾಕು ನಿಲ್ಸಿ ಇಬ್ರೂ, ನಾಲ್ಗೆಗೆ ಎಲುಬಿಲ್ಲ ಅಂತ ಏನ್ ಬೇಕಾದ್ರೂ ಆಡ್ತಾರೆ" ಎಂದು ಕಿಟಕಿ ಹಾಕಿಕೊಂಡಳು.

ಅಪ್ಪ

•

ಓಲೆಸುಂಡ್
2 ಡಿಸೆಂಬರ್ 2018

ಅಪ್ಪ,

ಸರಿ, ಮಾತು ಎತ್ತುವುದಿಲ್ಲ. ಆದರೆ ಒಂದು ಕೇಳುತ್ತೇನೆ. ನೀನು ಅಭ್ಯಾಸ ಮಾಡುವುದು ಸಂಜೆ. ಮಣ್ಣು ಮಾಡುವುದು ಬೆಳಿಗ್ಗೆ ಹನ್ನೊಂದಕ್ಕೆ. ಬಿಸಿಲಿನಲ್ಲಿ ಆ ಗೀಟು ಕಾಣುತ್ತದೆಯೇ? ನಾವಿಲ್ಲಿ ತಗಡು ಹೊಂದಿಸಲು ಇಂಥದ್ದೇ ಬೆಳಕಿನ ಗೆರೆ ಹಾಕುತ್ತೇವೆ. ಬಿಸಿಲು ಬಿದ್ದರೆ ಅದು ಇದ್ದೂ ಇಲ್ಲದಂತೆ. ಟಾರ್ಪಾಲು ಕಟ್ಟಿಕೊಂಡು ಕೆಲಸ ಮಾಡುತ್ತೇವೆ. ಹಗಲು ಹೊರಗೆ ಹೋಗಿ ನೋಡು.

ಇನ್ನೊಂದು, ಆ ಡಬ್ಬಿಯನ್ನು ನಿನ್ನ ಕಪ್ಪು ಬೂಟಿಗೆ ಸಿಕ್ಕಿಸಲಾಗುತ್ತದೆಯೇ? ಓಟದ ಬೂಟು ಹಾಕಿಕೊಂಡು ಪೆಟ್ಟಿಗೆಯ ಮುಂದೆ ಹೋದರೆ ಯೆನ್ನೆಕೆ ಅತ್ತೆ ಸುಮ್ಮನಿರುವುದಿಲ್ಲ. ಅಳತೆ ಕಳಿಸು. ಸ್ಟೀಲಿನದೊಂದು ಕೊಂಡಿ ಮಾಡಿಕೊಡುತ್ತೇನೆ.

ಕ್ರಿಸ್ಮಸ್‌ಗೆ ಬರಲಾಗುವುದಿಲ್ಲ. ರಜೆ ಕೇಳಿದ್ದರೆ ಸಿಗುತ್ತಿತ್ತೇನೋ. ಕೇಳಲಿಲ್ಲ.

ಫೆನ್ನಾ

•

ಎಲ್ಸ್‌ಬೆಕ್
30 ಡಿಸೆಂಬರ್ 2018

ಫೆನ್ನಾ,

ನೀನು ಹೇಳಿದ್ದೇ ಸರಿ. ಈ ಊರಲ್ಲಿ ಡಿಸೆಂಬರಿನ ಬಿಸಿಲಿಗೆ ಕಾದು ಕೂರುವುದೇ ಒಂದು ಕೆಲಸ. ಹೋದ ಗುರುವಾರ ಸ್ವಲ್ಪ ಬಂತು. ಬೂಟು ಹಾಕಿಕೊಂಡು ಚರ್ಚಿನ ಹತ್ತಿರ ಹೋದೆ. ಗೀಟು ಇಲ್ಲ. ಇಲ್ಲವೆಂದರೆ ಇಲ್ಲ. ಬಗ್ಗಿ ನೋಡಿದರೂ ಇಲ್ಲ. ಗೇಟಿನಲ್ಲಿ ಅಂಟಿಕೊಂಡು ನಿಂತೆ, ಕೊನೆಗೆ ಗಂಟೆ ಹೊಡೆಯುವ ಮುದುಕ ತೋಳು ಹಿಡಿದು ಬಿಡಿಸಿದ. ಆನೌಕ್‌ಗೆ ಹೇಳಿದರೆ "ಅಯ್ಯೋ, ಹೌದು, ಇವು ಮನೆಯೊಳಗೆ ಚೆನ್ನಾಗಿ ಕೆಲ್ಸ ಮಾಡ್ತವೆ" ಎಂದಳು. ಹೆಣವನ್ನು ಮನೆಯೊಳಗೇ ಹೂಳಬೇಕೇನೋ!

ಟ್ಯೂನಿಸ್‌ಗೆ ಹೇಳದೆ ಇರಬಹುದಿತ್ತು. ಅವನ ಮುಂದೆ ನಾನು ಯಾವತ್ತೂ ಏನೂ ಮುಚ್ಚಿಟ್ಟವನಲ್ಲ, ಹೇಳಿಬಿಟ್ಟೆ. ಅವನು ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡ.

"ಅಂದ್ರೆ ಮೋಡದ ದಿನ ಆದ್ರೆ ನಡೀತೀಯ."

"ನಡೀತೀನಿ."

"ಎಂಥಾ ಕೆಲ್ಸ ಆಯ್ತೋ! ನವೆಂಬರಲ್ಲೇ ಹೋಗ್ಬಿಡ್ತಿದ್ದೆ, ಮೊದ್ಲೇ ಹೇಳ್ಬಾರ್ದಾ?"

ಇಬ್ಬರೂ ನಕ್ಕೆವು. ನಕ್ಕು ಅವನಿಗೆ ಕೆಮ್ಮು ಹತ್ತಿತು. ಯೆನ್ನೆಕೆ ಬಂದು ನನ್ನನ್ನು ಹೊರಗೆ ಕಳಿಸಿದಳು. ಅವನ ಕಣ್ಣಿಗೆ ಈಗ ಬೆಳಕು ತಡೆದುಕೊಳ್ಳಲಾಗುವುದಿಲ್ಲ, ಕ್ರಿಸ್ಮಸ್‌ನಿಂದ ಆ ಕೋಣೆಗೆ ದಪ್ಪ ಪರದೆ ಎಳೆದಿದ್ದಾರೆ. ಹಾಗಾಗಿ ಅವನ ಟಿ.ವಿ. ಬಂದ್.

ಅಳತೆ ಹಿಂದಿನ ಪುಟದಲ್ಲಿದೆ. ಬಿಸಿಲಿಗೆ ಮರೆಯಾಗಿ ತಗಡಿನ ಚಾಚು ಬೇರೆ ಮಾಡಲೇ ಎಂದು ನೀನು ಕೇಳುತ್ತೀಯ, ನನಗೆ ಗೊತ್ತು. ಬೇಡ. ಬೂಟಿಗೆ ಛಾವಣಿ ಹಾಕಿಕೊಂಡು ಓಡಾಡುವಷ್ಟು ಕೆಟ್ಟಿಲ್ಲ ನಾನು. ಅದೂ ಅಲ್ಲದೆ ಗೀಟು ಒಂದು ಹೆಜ್ಜೆ ಮುಂದೆ ಬೀಳುತ್ತದೆ, ಅಷ್ಟುದ್ದದ ಚಾಚು ಕಟ್ಟಿಕೊಂಡರೆ ಅದಕ್ಕೇ ಎಡವಿ ಬೀಳುತ್ತೇನೆ.

ಅಪ್ಪ

•

ಎಲ್ಸ್‌ಬೆಕ್
17 ಫೆಬ್ರವರಿ 2019

ಫೆನ್ನಾ,

ನಿನ್ನ ಉತ್ತರ ಬರುವ ಮೊದಲೇ ಬರೆಯುತ್ತಿದ್ದೇನೆ. ಯಾರಿಗಾದರೂ ಹೇಳಬೇಕು, ಆನೌಕ್‌ಗೆ ಹೇಳುವಂಥದ್ದಲ್ಲ.

ಈ ಸಲದ ಚಳಿಗಾಲ ಪೂರ್ತಿ ಮೋಡ. ಬೆಳಿಗ್ಗೆ ಎದ್ದ ಕೂಡಲೇ ಆಕಾಶ ನೋಡುತ್ತೇನೆ. ಕಪ್ಪಗಿದ್ದರೆ ಮನಸ್ಸು ಹಗುರಾಗುತ್ತದೆ. ಆಮೇಲೆ ಟ್ಯೂನಿಸ್‌ನ ಕಿಟಕಿಯ ಪರದೆ ನೋಡುತ್ತೇನೆ. ಆಮೇಲೆ ಗೊತ್ತಾಗುತ್ತದೆ, ನಾನು ಏನಕ್ಕೆ ಕಾಯುತ್ತಿದ್ದೇನೆ ಎಂದು. ಅರವತ್ತು ವರ್ಷದಿಂದ ಜೊತೆಗಿರುವ ಸ್ನೇಹಿತ ಮೋಡ ಇರುವಾಗಲೇ ಸಾಯಲಿ ಎಂದು ಕಾಯುತ್ತಿದ್ದೇನೆ ಮಗಳೇ. ಥೂ ಎನ್ನಿಸುತ್ತದೆ ನನ್ನ ಮೇಲೆ. ಮರುದಿನ ಎದ್ದು ಮತ್ತೆ ಆಕಾಶ ನೋಡುತ್ತೇನೆ.

ಮೊನ್ನೆ ಯೆನ್ನೆಕೆ ಬೇಲಿಯ ಹತ್ತಿರ ಸಿಕ್ಕಳು. "ಇವತ್ತು ಒಂದ್ ಬಟ್ಲು ಸೂಪು ಪೂರ್ತಿ ಕುಡ್ದ. ಏಪ್ರಿಲ್ ಕಾಣ್ತಾನೆ ಅನ್ಸುತ್ತೆ" ಎಂದಳು. ಅವಳ ಮುಖ ಅರಳಿತ್ತು. ನಾನು "ಒಳ್ಳೇದಾಯ್ತು" ಎಂದೆ. ಏಪ್ರಿಲ್ ಎಂದರೆ ಬಿಸಿಲು ಎಂಬುದೊಂದೇ ತಲೆಯಲ್ಲಿತ್ತು. ಅವಳಿಗೆ ಗೊತ್ತಾಯಿತೋ ಏನೋ, ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಒಳಗೆ ಹೋದಳು.

ಅಳಬೇಕೆನ್ನಿಸುವುದಿಲ್ಲ, ನಗಬೇಕೆನ್ನಿಸುವುದಿಲ್ಲ. ಮಾತ್ರೆಯಿಂದ ಹೀಗಾಗುತ್ತದೆ ಎಂದು ಡಾಕ್ಟರು ಹೇಳುತ್ತಾರೆ. ಆಗಲಿ, ತಪ್ಪನ್ನು ಮಾತ್ರೆಯ ಮೇಲೇ ಹಾಕೋಣ.

ಅಪ್ಪ

•

ಓಲೆಸುಂಡ್
10 ಮಾರ್ಚ್ 2019

ಅಪ್ಪ,

ಕೊಂಡಿ ಕಳಿಸಿದ್ದೇನೆ, ಈ ಕಾಗದದ ಜೊತೆಗೇ ಇದೆ. ತಿರುಪನ್ನು ತುಂಬ ಬಿಗಿಯಬೇಡ, ಚರ್ಮ ಹರಿಯುತ್ತದೆ. ಅಂಚನ್ನೆಲ್ಲ ಉಜ್ಜಿ ನುಣುಪು ಮಾಡಿದ್ದೇನೆ, ಪ್ಯಾಂಟು ಸಿಕ್ಕಿಕೊಳ್ಳುವುದಿಲ್ಲ.

ನಿನ್ನ ಹೋದ ಕಾಗದವನ್ನು ಮತ್ತೆ ಮತ್ತೆ ಓದಿದೆ. ನಿನಗೆ ಮಾತ್ರೆ ಇದೆ ಅಪ್ಪ. ನನಗೆ ಯಾವ ಮಾತ್ರೆಯೂ ಇಲ್ಲ. ಅಮ್ಮನನ್ನು ಗುಂಡಿಗೆ ಇಳಿಸುವಾಗ ಹಗ್ಗ ಸರಿಯಾಗಿ ಹಿಡಿದಿದ್ದಾರೋ ಇಲ್ಲವೋ ಎಂದು ನೋಡುತ್ತಿದ್ದೆ, ಗಂಟು ಸಡಿಲವಿದೆ ಎನ್ನಿಸುತ್ತಿತ್ತು. ಅಷ್ಟೇ. ಆಮೇಲೆ ಇಲ್ಲಿಗೆ ಬಂದೆ. ಇಲ್ಲಿ ಮುಖದ ಮೇಲೆ ವೆಲ್ಡಿಂಗ್ ಮುಖವಾಡ ಇಳಿಸಿಕೊಂಡರೆ ಯಾರೂ ಮಾತಾಡಿಸುವುದಿಲ್ಲ, ಕಿಡಿ ನೋಡಿಕೊಂಡು ಕೆಲಸ ಮಾಡುತ್ತೇನೆ, ಹೊತ್ತು ಹೋಗುತ್ತದೆ. ಎರಡು ವರ್ಷವಾಯಿತು. ಇದನ್ನು ನಿನಗೆ ಫೋನಿನಲ್ಲಿ ಹೇಳಲು ಆಗುತ್ತಿರಲಿಲ್ಲ.

ನೀನು ಕೆಟ್ಟವನಲ್ಲ. ನಾನಾದರೆ ಆಕಾಶವನ್ನೂ ನೋಡುತ್ತಿರಲಿಲ್ಲ.

ಫೆನ್ನಾ

•

ಎಲ್ಸ್‌ಬೆಕ್
14 ಏಪ್ರಿಲ್ 2019

ಫೆನ್ನಾ,

ಕೊಂಡಿ ಹೇಳಿ ಮಾಡಿಸಿದ ಹಾಗಿದೆ. ಕಪ್ಪು ಬೂಟಿನ ಮೇಲೆ ಡಬ್ಬಿ ಇದೆಯೆಂದು ಹೇಳದೆ ಹೋದರೆ ತಿಳಿಯುವುದಿಲ್ಲ. ನಿನ್ನ ಕಾಗದವನ್ನು ಮೇಜಿನ ಡ್ರಾಯರಿನಲ್ಲಿ ಇಟ್ಟಿಲ್ಲ, ಕೋಟಿನ ಜೇಬಿನಲ್ಲಿದೆ.

ನಿನ್ನೆ ನಡೆದದ್ದು ಕೇಳು. ಸಂಜೆ ಸೈಕಲ್ಲಿನಲ್ಲಿ ಬರುವಾಗ ಲ್ಯಾಂಬರ್ಟ್‌ನ ಮನೆ ಮುಂದೆ ಸೈಕಲ್ಲುಗಳ ಸಾಲು. ನೆರೆಹೊರೆಯವರೆಲ್ಲ ಒಳಗಿದ್ದಾರೆ. ಹೆಣ ಹೊರುವವರ ಕೂಟ ಅದು, ಟ್ಯೂನಿಸ್‌ನ ದಿನ ಬಂದಾಗ ಯಾರು ಯಾವ ಮೂಲೆ ಹಿಡಿಯುವುದು ಎಂದು ಮಾತಾಡಿಕೊಳ್ಳಲು. ಅಂಥ ಕೂಟ ಕರೆಯಬೇಕಾದವನು ಮೊದಲನೇ ನೆರೆಯವನು. ಎಂದರೆ ನಾನು. ನನಗೇ ಹೇಳಿಲ್ಲ! ನನ್ನ ಮನಸ್ಸಿಗೆ ನೋವಾಗಬಾರದು ಎಂದು ಹೇಳಿಲ್ಲವಂತೆ. ನಮ್ಮ ಜನವೇ ಹೀಗೆ, ನೋಯಿಸಬಾರದೆಂದು ಬಾಯಿ ಮುಚ್ಚಿಕೊಂಡೇ ಹೊಟ್ಟೆಗೆ ಇರಿಯುತ್ತಾರೆ.

ಒಳಗೆ ಹೋದೆ. ಹೋದೆನೆಂದರೆ, ಅಡುಗೆಮನೆಯ ಹೊಸ್ತಿಲಲ್ಲಿ ಅಂಟಿಕೊಂಡೆ. ಎಲ್ಲರೂ ಕಾಫಿ ಲೋಟ ಹಿಡಿದು ನನ್ನನ್ನೇ ನೋಡುತ್ತಿದ್ದಾರೆ. ಬೂಟು ಹಾಕಿಕೊಂಡಿದ್ದೆ, ಟೈಲ್ಸಿನ ಮೇಲೆ ಗೀಟು ಬಿತ್ತು, ದಾಟಿದೆ, ಕುರ್ಚಿ ಎಳೆದು ಕೂತೆ.

"ಮುಂದೆ ನಡಿಯೋನು ನಾನು" ಎಂದೆ.

ಲ್ಯಾಂಬರ್ಟ್ ಲೋಟ ನೋಡಿಕೊಂಡು, "ಬಿಸಿಲಿದ್ರೆ?" ಎಂದ.

"ಬಿಸಿಲಿದ್ರೆ ನಿಂತ್ಕೊಳ್ತೀನಿ."

"ನೀನ್ ನಿಂತ್ರೆ ನಾವೂ ನಿಲ್ಬೇಕಾಗುತ್ತೆ ಬೆರೆಂಡ್. ಹೆಗಲ ಮೇಲೆ ಪೆಟ್ಗೆ ಇರುತ್ತೆ."

"ಹಂಗಾದ್ರೆ ನಿಂತ್ಕೊಳ್ಳಿ" ಎಂದೆ.

ಆಮೇಲೆ ಲ್ಯಾಂಬರ್ಟ್‌ನ ಹೆಂಡತಿ ರೀಕೆ ನನಗೂ ಕಾಫಿ ಬಗ್ಗಿಸಿದಳು, ಒಂದು ಬಿಸ್ಕತ್ತು ಕೊಟ್ಟಳು. ಅಲ್ಲಿಗೆ ಒಪ್ಪಿದ ಹಾಗೆ. ಮನೆಗೆ ಬಂದ ಮೇಲೆ ಹೆದರಿಕೆಯಾಯಿತು. ಟ್ಯೂನಿಸ್‌ನ ಪೆಟ್ಟಿಗೆಯನ್ನು ದಾರಿಯ ಮಧ್ಯೆ ನಿಲ್ಲಿಸಿಬಿಟ್ಟರೆ ಯೆನ್ನೆಕೆಯ ಮುಖ ಹೇಗೆ ನೋಡಲಿ? ಆದರೆ ಆಡಿದ ಮಾತು ಆಡಿಯಾಗಿದೆ.

ಅಪ್ಪ

•

ಎಲ್ಸ್‌ಬೆಕ್
2 ಜೂನ್ 2019

ಫೆನ್ನಾ,

ಟ್ಯೂನಿಸ್ ತೀರಿಕೊಂಡ ಶುಕ್ರವಾರವೇ ಫೋನು ಮಾಡಿದ್ದೆನಲ್ಲ. ಬುಧವಾರ ಮಣ್ಣು ಮಾಡಿದೆವು. ಬಿಸಿಲು ಚೆನ್ನಾಗಿತ್ತು. ಎಲ್ಲ ಸರಿಯಾಯಿತು. ಆಮೇಲೆ ಕಾಫಿ, ಒಣದ್ರಾಕ್ಷಿ ಬ್ರೆಡ್ಡು ಇತ್ತು. ನಿನ್ನ ಕೊಂಡಿ ಗಟ್ಟಿಯಾಗಿ ಕೂತಿತ್ತು.

ಅಪ್ಪ

•

ಓಲೆಸುಂಡ್
9 ಜೂನ್ 2019

ಯೆನ್ನೆಕೆ ಅತ್ತೆ,

ಮಾಮನ ವಿಷಯದಲ್ಲಿ ಏನು ಬರೆಯಬೇಕೋ ನನಗೆ ತಿಳಿಯುತ್ತಿಲ್ಲ, ಕ್ಷಮಿಸಿ. ಬರಬೇಕಿತ್ತು. ಹಡಗು ನೀರಿಗಿಳಿಸುವ ವಾರ ಎಂದು ಅಪ್ಪನಿಗೆ ಹೇಳಿದೆ, ಅದು ಸುಳ್ಳಲ್ಲ. ಆದರೆ ಒಂದು ಮಾತು ಕೇಳಿದ್ದರೆ ಬಿಡುತ್ತಿದ್ದರು.

ಅಪ್ಪನ ಕಾಗದ ಬಂದಿದೆ. ಬಿಸಿಲಿತ್ತಂತೆ, ಎಲ್ಲ ಸರಿಯಾಯಿತಂತೆ. ಎರಡೂ ಒಟ್ಟಿಗೆ ಹೇಗೆ ಆಗುತ್ತದೆ ಅತ್ತೆ? ಅವನು ನಡೆದನೇ? ಫೋನಿನಲ್ಲಿ ಕೇಳಿದರೆ "ಬರ್ದಿದ್ದೀನಲ್ಲ" ಎನ್ನುತ್ತಾನೆ. ನನಗೆ ತಿಳಿಯಬೇಕು. ಯಾಕೆಂದು ಕೇಳಬೇಡಿ.

ಫೆನ್ನಾ

•

ಎಲ್ಸ್‌ಬೆಕ್
18 ಜೂನ್ 2019

ಫೆನ್ನಾ ಮರಿ,

ನೀನು ಬರಲಿಲ್ಲವೆಂದು ನನಗೆ ಬೇಜಾರಿಲ್ಲ. ನಾನೇ ಅಲ್ಲಿದ್ದೂ ಇಲ್ಲದ ಹಾಗಿದ್ದೆ. ಬಂದವರೆಲ್ಲ ಕೈ ಕುಲುಕುತ್ತಿದ್ದರು, ಯಾರದೋ ಕೈ ಕುಲುಕುತ್ತಿದ್ದಾರೆ ಎನ್ನಿಸುತ್ತಿತ್ತು.

ನಿನ್ನಪ್ಪ ಸುದ್ದಿ ಹೇಳಲು ಸೈಕಲ್ಲಿನಲ್ಲೇ ಹೋದ. ಪ್ರತಿ ಮನೆಯ ಮುಂದೆ ಇಳಿಯಲು ಪಾಡುಪಟ್ಟ, ಇಳಿದೇ ಹೇಳಿದ. ಸೈಕಲ್ಲಿನ ಮೇಲೆ ಕೂತು ಸಾವಿನ ಸುದ್ದಿ ಹೇಳಬಾರದು ಎಂದನಂತೆ. ಐದು ದಿನವೂ ಒಂದು ತುಣುಕು ಮೋಡವಿಲ್ಲ. ದಿನಾ ರಾತ್ರಿ ರೇಡಿಯೋದಲ್ಲಿ ಹವಾಮಾನ ಕೇಳುತ್ತಿದ್ದ ಅವನು, ಬೇಲಿಯಾಚೆ ನನಗೂ ಕೇಳುತ್ತಿತ್ತು.

ಬುಧವಾರ ಚರ್ಚಿನ ಒಳಗೆ ಚೆನ್ನಾಗಿಯೇ ನಡೆದ. ಒಳಗೆ ಕತ್ತಲಲ್ಲವೇ, ಕಲ್ಲುಹಾಸಿನ ಮೇಲೆ ಆ ಕೆಂಪು ಗೀಟು ಎಲ್ಲರಿಗೂ ಕಾಣುತ್ತಿತ್ತು. ಬಾಗಿಲು ದಾಟಿದ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಮರದ ಕೆಳಗೆ ನೆರಳಿರುವಷ್ಟು ದೂರ ಹೋದ. ಸ್ಮಶಾನದ ಗೇಟಿನ ಹತ್ತಿರ ನಿಂತ. ಅವನು ನಿಂತದ್ದಕ್ಕೆ ಪೆಟ್ಟಿಗೆ ನಿಂತಿತು, ಪೆಟ್ಟಿಗೆ ನಿಂತದ್ದಕ್ಕೆ ನಾನು, ನನ್ನ ಹಿಂದೆ ಇಡೀ ಊರು. ಪೆಟ್ಟಿಗೆ ಗುಂಡಿ ಸೇರುವವರೆಗೆ ಗಂಟೆ ನಿಲ್ಲಿಸುವ ಹಾಗಿಲ್ಲವಲ್ಲ, ಅದು ಹೊಡೆಯುತ್ತಲೇ ಇತ್ತು. ಹೊತ್ತವರ ಕುತ್ತಿಗೆ ಕೆಂಪಾಗುತ್ತಿತ್ತು. ಲ್ಯಾಂಬರ್ಟ್ ಮೆಲ್ಲಗೆ "ಬೆರೆಂಡ್, ನಾನು ಬರ್ಲಾ ಮುಂದೆ?" ಎಂದ. ನಿನ್ನಪ್ಪ ತಲೆಯಲ್ಲಾಡಿಸಿದ. ಅಷ್ಟೇ. ಅವನ ಮೇಲೆ ಸಿಟ್ಟು ಮಾಡಿಕೊಂಡವರೂ ಇದ್ದರು, ಅವರೂ ಸುಮ್ಮನೆ ನಿಂತರು.

ಗಂಡ ಸತ್ತವಳು ಪೆಟ್ಟಿಗೆಯ ಹಿಂದೆ ಇರಬೇಕು, ನಿನಗೂ ಗೊತ್ತು. ನಾನು ಜಾಗ ಬಿಟ್ಟು ಮುಂದೆ ಹೋದೆ. ಪಾದ್ರಿಗಳು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. ನೋಡಲಿ. ನಿನ್ನಪ್ಪ ತಲೆ ತಗ್ಗಿಸಿ ಬೂಟಿನ ಮುಂದಿನ ನೆಲ ನೋಡುತ್ತಿದ್ದ, ಬೆವರು ಮೂಗಿನಿಂದ ತೊಟ್ಟಿಕ್ಕುತ್ತಿತ್ತು. "ಕ್ಷಮಿಸು ಯೆನ್ನೆಕೆ" ಎಂದ. ಸೂರ್ಯ ಎಡಕ್ಕಿದ್ದ. ನಾನು ಅವನ ಎಡಕ್ಕೆ ಹೋಗಿ ಒತ್ತಿ ನಿಂತೆ. ನನ್ನ ನೆರಳು ಅವನ ಕಾಲಿನ ಮುಂದೆ ಬಿತ್ತು. ನೆರಳಿನೊಳಗೆ ಗೀಟು ಇತ್ತು! ಸಣ್ಣಗೆ, ಮಸುಕಾಗಿ, ಆದರೆ ಇತ್ತು. ಅವನು ಕಾಲೆತ್ತಿದ. ನಾನೂ ಒಂದು ಹೆಜ್ಜೆ ಇಟ್ಟೆ. ರೀಕೆಗೆ ಗೊತ್ತಾಯಿತು, ಸಾಲು ಬಿಟ್ಟು ಬಂದು ನನ್ನ ಮುಂದೆ ನಿಂತಳು. ಆಮೇಲೆ ಬೇಕರಿಯವಳು ಬಂದಳು, ಲ್ಯಾಂಬರ್ಟ್‌ನ ಸೊಸೆ ಬಂದಳು. ಹೀಗೆ ಹೆಂಗಸರೆಲ್ಲ ಬಿಸಿಲಿನ ಕಡೆ ಗೋಡೆಯ ಹಾಗೆ ನಿಂತು ಅವನ ಜೊತೆಜೊತೆಗೇ ನಡೆದೆವು, ಗುಂಡಿಯವರೆಗೂ. ಯಾರೂ ಯಾರಿಗೂ ಹೇಳಲಿಲ್ಲ. ಕಾಫಿಗೆ ಕೂತಾಗಲೂ ಆ ಮಾತು ಬರಲಿಲ್ಲ. ಆದ್ದರಿಂದ ನಿನ್ನಪ್ಪ ಎಲ್ಲ ಸರಿಯಾಯಿತು ಎಂದು ಬರೆದಿದ್ದರೆ ಅದು ಸುಳ್ಳಲ್ಲ.

ಈಗ ಅವನಿಗೆ ಗೊತ್ತಿಲ್ಲದ್ದು. ಅವನಿಗೆ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು. ನನಗೆ ಯಾರಿಗಾದರೂ ಹೇಳಲೇಬೇಕು, ಒಳಗೆ ಇಟ್ಟುಕೊಳ್ಳಲಾಗುತ್ತಿಲ್ಲ.

ಪರದೆ ಎಳೆದ ಮೇಲೆ ಟ್ಯೂನಿಸ್‌ಗೆ ಹೊರಗಿನದೇನೂ ಕಾಣುತ್ತಿರಲಿಲ್ಲ. ದಿನಾ ಬೆಳಿಗ್ಗೆ ಎದ್ದ ಕೂಡಲೇ ನನ್ನನ್ನು ಕೇಳುವುದು ಒಂದೇ. "ಮೋಡ ಇದ್ಯಾ ಯೆನ್ನೆಕೆ?" ಸಾಯುವ ದಿನದ ಆಕಾಶವೇ ಬೇರೆ, ಮಣ್ಣಿನ ದಿನದ ಆಕಾಶವೇ ಬೇರೆ, ಅಷ್ಟು ಅವನಿಗೂ ತಿಳಿಯುತ್ತಿತ್ತು. ಆದರೂ ಕೇಳುತ್ತಿದ್ದ. ಮೋಡ ಇದೆ ಎಂದರೆ ಹೊರಟುಬಿಡುತ್ತಾನೆ ಎಂದು ನನಗೆ ಹೆದರಿಕೆ. ಸ್ನೇಹಿತನಿಗಾಗಿ ಅಷ್ಟು ಮಾಡುವ ಜಾತಿಯವನು ಅವನು. ಹೊರಗೆ ಮಂಜು ಸುರಿಯುತ್ತಿದ್ದರೂ, ಮಳೆ ಹೊಡೆಯುತ್ತಿದ್ದರೂ ನಾನು "ಒಳ್ಳೇ ಬಿಸಿಲು" ಎನ್ನುತ್ತಿದ್ದೆ. ಅವನು "ಥತ್" ಎಂದು ಮಗ್ಗುಲು ಬದಲಿಸುತ್ತಿದ್ದ. ಜನವರಿ, ಫೆಬ್ರವರಿ, ಮಾರ್ಚ್, ಇಡೀ ಚಳಿಗಾಲ ಹೀಗೇ ಸುಳ್ಳು ಹೇಳಿದೆ. ಬೇಲಿಯಾಚೆ ನಿನ್ನಪ್ಪ ಆಕಾಶ ನೋಡುತ್ತಾ ನಿಂತಿರುವುದೂ ಕಾಣುತ್ತಿತ್ತು. ಅವನಿಗೆ ಬೇಕಾದ ಮೋಡವನ್ನು ಬಚ್ಚಿಟ್ಟವಳು ನಾನು.

ಆ ಶುಕ್ರವಾರ ಹೊರಗೆ ಹೂಬಿಸಿಲು, ಹಕ್ಕಿಗಳ ಗದ್ದಲ. ಟ್ಯೂನಿಸ್‌ಗೆ ಉಸಿರು ಎಳೆದರೂ ಬರುತ್ತಿಲ್ಲ. ತುಟಿ ನೀಲಿ. ನನ್ನ ಕೈ ಹಿಡಿದುಕೊಂಡು ಕೇಳಿದ, "ಮೋಡ ಇದ್ಯಾ?"

ಅವನ ಸಂಕಟ ನೋಡಲಾಗಲಿಲ್ಲ ಮರಿ ನನಗೆ. "ಇದೆ. ತುಂಬಾ ಕವಿದಿದೆ" ಎಂದೆ.

"ಹಂಗಾದ್ರೆ ಸರಿ" ಎಂದ.

ಮಧ್ಯಾಹ್ನದೊಳಗೆ ಹೋದ.

ನಿನ್ನ
ಯೆನ್ನೆಕೆ ಅತ್ತೆ